ದೇವದಾರುಗಳು ಹಿಮಕ್ಕೆ ಜಾಗ ಬಿಟ್ಟದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ತಮ್ಮ ಎತ್ತರ ಎಷ್ಟೆಂದು ಗೊತ್ತಿರಲಿಲ್ಲ. ಹೊಳೆಗಳು ಎತ್ತ ಹರಿಯಬೇಕೆಂದು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಮರಗಳಿಗೆ ಆಗ ನಡೆಯಲು ಬರುತ್ತಿತ್ತು. ಬೇರುಗಳನ್ನು ಸೀರೆಯ ನಿರಿಗೆಯ ಹಾಗೆ ಎತ್ತಿ ಹಿಡಿದು, ಬೇಸಿಗೆಯಲ್ಲಿ ಹೊಳೆಯ ದಡಕ್ಕೂ ಚಳಿಯಲ್ಲಿ ಬಿಸಿಲಿನ ದಿಬ್ಬಕ್ಕೂ ಹೋಗಿ ನಿಲ್ಲುತ್ತಿದ್ದವು.

ಬಡಗಣ ದಿಕ್ಕಿನಲ್ಲಿ ಒಂದು ದೊಡ್ಡ ಬೋಳು ಬೆಟ್ಟವಿತ್ತು. ಅದರ ಬುಡದಲ್ಲಿ ಸಿಲೋಟಿ ಎಂಬ ಹಳ್ಳಿ. ಹಳ್ಳಿಯೆಂದರೆ ಹದಿನಾಲ್ಕು ಮನೆ, ಒಂದಷ್ಟು ಆಡು, ಮೆಟ್ಟಿಲು ಮೆಟ್ಟಿಲಾದ ಹೊಲ, ನಡುವೆ ಒಂದು ತೊರೆ.

ಆ ಹಳ್ಳಿಯಲ್ಲಿ ಸುರ್ಜಿ ಎಂಬ ಹೆಂಗಸು ಜವೆಗೋಧಿ ಬೆಳೆಯುತ್ತಿದ್ದಳು. ಬಿತ್ತುವ ಮೊದಲು ಅವಳು ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಮಣ್ಣಿನೊಳಗೆ ಕೈ ತೂರಿಸಿ, "ತಾಯಿ, ಕುಡಿದೆಯಾ?" ಎಂದು ಕೇಳುತ್ತಿದ್ದಳು. ಮಣ್ಣು ಉತ್ತರ ಕೊಡುತ್ತಿತ್ತು. ಆ ಕಾಲದಲ್ಲಿ ಮಣ್ಣು ಎಲ್ಲರೊಡನೆಯೂ ಮಾತಾಡುತ್ತಿತ್ತು, ಆದರೆ ಬಹಳ ಮೆತ್ತಗೆ. ಕೂತು ಕೇಳುವ ತಾಳ್ಮೆ ಇದ್ದದ್ದು ಸುರ್ಜಿಗೆ ಮಾತ್ರ.

ಪಕ್ಕದ ಮನೆ ಅವಳ ಅಣ್ಣ ಹರ್ಕುವಿನದು. ಹರ್ಕು ದೊಡ್ಡ ಆಳು, ಸಣ್ಣ ಮಾತಿನವನು. ಅವನ ಹೆಂಡತಿ ದೇಬ್ಲಿ ಅದಕ್ಕೆ ತದ್ವಿರುದ್ಧ. ಅವಳು ನಕ್ಕರೆ ಹದಿನಾಲ್ಕು ಮನೆಗೂ ಕೇಳಿಸುತ್ತಿತ್ತು.

ಒಂದು ಚಳಿಗಾಲದಲ್ಲಿ ಆ ಬೆಟ್ಟಕ್ಕೆ ಮೊಟ್ಟಮೊದಲ ಸಲ ಹಿಮ ಬಂದಳು. ಸದ್ದಿಲ್ಲದೆ ಬಂದಳು. ಬೆಳಗಾಗಿ ಬಾಗಿಲು ತೆರೆದರೆ ಲೋಕವೆಲ್ಲ ಬೆಳ್ಳಗೆ! ಮಕ್ಕಳು ಅವಳನ್ನು ಬೊಗಸೆಯಲ್ಲಿ ಹಿಡಿದು ತಿಂದರು. ಆಡುಗಳು ಮೂಸಿ ಸೀನಿದವು. ದೇಬ್ಲಿ ಒಂದು ಉಂಡೆ ಮಾಡಿ ಗಂಡನ ಬೆನ್ನಿಗೆ ಹೊಡೆದಳು. ಹರ್ಕು ಸಹ ನಕ್ಕ.

ಪುಷ್ಯ ಕಳೆಯಿತು, ಮಾಘ ಕಳೆಯಿತು. ಬೋಳು ಬೆಟ್ಟದ ಮೇಲೆ ಹಿಮ ಎದೆಯೆತ್ತರ ಕೂತಳು. "ಇಷ್ಟು ನೀರು ಮನೆಬಾಗಿಲಿಗೇ ಬಂದು ಕೂತಿದೆಯಲ್ಲ, ಈ ವರ್ಷ ಜವೆಗೋಧಿ ತೆನೆ ಮಂಡಿಯವರೆಗೆ" ಎಂದು ಸುರ್ಜಿ ಲೆಕ್ಕ ಹಾಕಿದಳು.

ಚೈತ್ರ ಬಂತು. ಸೂರ್ಯ ಬೋಳು ಬೆಟ್ಟವನ್ನು ನೆಟ್ಟ ನೋಟದಿಂದ ನೋಡಿದ. ಮರೆಯಿಲ್ಲ, ಮುಸುಕಿಲ್ಲ. ಗಾಳಿ ಬೇರೆ ಬೆಚ್ಚಗಾಗಿ ಮೇಲಿಂದ ಕೆಳಗೆ ನೆಕ್ಕಿತು. ಮೂರು ತಿಂಗಳು ಕೂತಿದ್ದ ಹಿಮ ಒಂಬತ್ತೇ ದಿನದಲ್ಲಿ ಕರಗಿಹೋದಳು. ತೊರೆಯಲ್ಲಿ ಮೊದಲ ದಿನ ಪಾದದಷ್ಟು ನೀರು. ಒಂಬತ್ತನೆಯ ದಿನ ಅದು ಬಂಡೆಗಳನ್ನು ಉರುಳಿಸುತ್ತಾ, ಕೆಂಪಗೆ ಗುಡುಗುತ್ತಾ ಬಂತು.

ದೇಬ್ಲಿ ಆಚೆ ದಡದಲ್ಲಿ ಉಳಿದಿದ್ದ ಎರಡು ಆಡಿನ ಮರಿಗಳನ್ನು ತರಲು ಹೋಗಿದ್ದಳು. ಒಂದನ್ನು ಈಚೆಗೆ ದಾಟಿಸಿದ್ದಳು. ಇನ್ನೊಂದಕ್ಕೆ ಹೋದವಳು ಹಿಂತಿರುಗಲಿಲ್ಲ.

ಹರ್ಕು ಏಳು ದಿನ ತೊರೆಯ ಉದ್ದಕ್ಕೂ ಹುಡುಕಿದ. ಎಂಟನೆಯ ದಿನ ಮನೆಗೆ ಬಂದು ಒಲೆಯ ಮುಂದೆ ಕೂತ. ಅವನ ಸಣ್ಣ ಮಾತೂ ನಿಂತುಹೋಯಿತು.

ಜ್ಯೇಷ್ಠದ ಹೊತ್ತಿಗೆ ಅದೇ ತೊರೆಯಲ್ಲಿ ಕಲ್ಲು ಮಾತ್ರ ಇತ್ತು. ಹೊಲ ಬಿರುಕು ಬಿಟ್ಟಿತು. ಸುರ್ಜಿ ಬಿರುಕಿನೊಳಗೆ ಕೈಯಿಟ್ಟು ಕೇಳಿದಳು:

"ತಾಯಿ, ಕುಡಿದೆಯಾ?"

"ಬಾಯಿಗೆ ಕೊಡವನ್ನೇ ಕವುಚಿದರೆ ಕುಡಿಯುವುದು ಹೇಗೆ ಮಗಳೇ? ಒಂದು ಗುಟುಕು ಒಳಗೆ ಹೋಯಿತು. ಉಳಿದದ್ದೆಲ್ಲ ಕೆನ್ನೆಯ ಮೇಲೆ ಹರಿದುಹೋಯಿತು" ಎಂದಿತು ಮಣ್ಣು.

ಸುರ್ಜಿ ಸೊಂಟಕ್ಕೆ ರೊಟ್ಟಿಯ ಗಂಟು ಕಟ್ಟಿಕೊಂಡು ಬೆಟ್ಟ ಹತ್ತಿದಳು. ತುತ್ತತುದಿಯಲ್ಲಿ, ಒಂದು ಬಂಡೆಯ ಸೀಳಿನಲ್ಲಿ, ಹಿಮದ ಕೊನೆಯ ತುಣುಕು ಮುದುಡಿ ಕೂತಿತ್ತು.

"ನನ್ನ ಅತ್ತಿಗೆಯನ್ನು ಒಯ್ದೆ. ನನ್ನ ಹೊಲವನ್ನು ಒಣಗಿಸಿದೆ. ಮೂರು ತಿಂಗಳು ಅತಿಥಿಯ ಹಾಗೆ ಕೂತು, ಹೋಗುವಾಗ ಕಳ್ಳನ ಹಾಗೆ ಓಡಿದೆಯಲ್ಲ!" ಎಂದಳು ಸುರ್ಜಿ.

ಹಿಮ ಹೇಳಿದಳು: "ಓಡುವ ಆಸೆ ನನಗಿರಲಿಲ್ಲ ಸುರ್ಜಿ. ಸೂರ್ಯ ಅಟ್ಟಿಸಿಕೊಂಡು ಬಂದ. ಗಾಳಿ ಹಿಂದಿನಿಂದ ನೂಕಿತು. ಹೆದರಿ ಓಡುವವಳಿಗೆ ಕಾಲಡಿ ಯಾರು ಸಿಕ್ಕರೆಂದು ಕಾಣುವುದಿಲ್ಲ. ನನಗೆ ಒಂದಿಷ್ಟು ನೆರಳು ಕೊಡು. ನಿಧಾನವಾಗಿ ಹೋಗುತ್ತೇನೆ. ಹೋಗುತ್ತಾ ಎಲ್ಲರಿಗೂ ಕೊಟ್ಟು ಹೋಗುತ್ತೇನೆ."

ನೆರಳು ಬೇಕಾದರೆ ಮರ ಬೇಕು. ಸುರ್ಜಿ ಬೆಟ್ಟ ಇಳಿದಳು. ಹಳ್ಳಿ ದಾಟಿ, ಕಣಿವೆ ದಾಟಿ, ದೇವದಾರುಗಳು ಗುಂಪಾಗಿ ನಿಂತಿದ್ದ ಬಯಲಿಗೆ ಹೋದಳು. ಅವುಗಳಲ್ಲಿ ಹಿರಿಯಳು ಒಂದು ಮುದಿ ದೇವದಾರು. ಎಲ್ಲರೂ ಅವಳನ್ನು ಅಜ್ಜಿ ಎನ್ನುತ್ತಿದ್ದರು.

"ನಮ್ಮ ಬೆಟ್ಟಕ್ಕೆ ಬನ್ನಿ. ಬಂದು ಅಲ್ಲಿಯೇ ಉಳಿಯಿರಿ" ಎಂದು ಸುರ್ಜಿ ಕೈಮುಗಿದಳು.

"ಉಳಿಯುವುದಾ? ನಾವು ನಡೆಯುವ ಜನ. ಅಲ್ಲಿ ಗಾಳಿ ಹೇಗೆ?" ಎಂದು ಅಜ್ಜಿ ದೇವದಾರು ಕೇಳಿದಳು.

"ಸುಳ್ಳು ಹೇಳುವುದಿಲ್ಲ ಅಜ್ಜಿ. ಗಾಳಿ ಜೋರು."

ದೇವದಾರುಗಳು ತಮ್ಮತಮ್ಮಲ್ಲೇ ಸರಸರ ಎಂದು ಮಾತಾಡಿಕೊಂಡವು. ಕೊನೆಗೆ ಅಜ್ಜಿ ಹೇಳಿದಳು: "ನಿಜ ಹೇಳಿದೆ, ಅದಕ್ಕೇ ಬರುತ್ತೇವೆ. ಆದರೆ ಒಂದು ಮಾತು. ಒಂದು ಕಡೆ ಬೇರು ಬಿಟ್ಟ ಮೇಲೆ ನಮಗೆ ಓಡಲು ಆಗುವುದಿಲ್ಲ. ನಿನ್ನ ಹಳ್ಳಿಯವರು ಯಾರೂ ನಮ್ಮ ಮೇಲೆ ಕೊಡಲಿ ಎತ್ತಬಾರದು."

"ಎತ್ತುವುದಿಲ್ಲ" ಎಂದಳು ಸುರ್ಜಿ. ಅಜ್ಜಿಯ ತೊಗಟೆಯ ಮೇಲೆ ಅಂಗೈಯಿಟ್ಟು ಮಾತು ಕೊಟ್ಟಳು.

ದೇವದಾರುಗಳು ಬೆಟ್ಟ ಹತ್ತಿದವು. ಅಂಥ ಮೆರವಣಿಗೆಯನ್ನು ಸಿಲೋಟಿಯವರು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಮೇಲೆ ಹೋದವು, ಗಾಳಿಯ ಸದ್ದು ಕೇಳಿದವು, ಹೆದರಿದವು. ಹೆದರಿದವರು ಏನು ಮಾಡುತ್ತಾರೆ? ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಾರೆ. ದೇವದಾರುಗಳೂ ಹೆಗಲಿಗೆ ಹೆಗಲು ಕೊಟ್ಟು, ಕೊಂಬೆಯೊಳಗೆ ಕೊಂಬೆ ಹೆಣೆದು, ಒಂದು ಇರುವೆಗೂ ಆಕಾಶ ಕಾಣದಷ್ಟು ಒತ್ತಾಗಿ ನಿಂತವು.

ಚಳಿಗಾಲ ಬಂತು. ಹಿಮ ಬಂದಳು. ಕಾಡು ಮೇಲಿಂದ ಕೆಳಗಿನವರೆಗೆ ಬೆಳ್ಳಗಾಯಿತು. ಚೈತ್ರ ಬಂತು. ಸಿಲೋಟಿಯವರು ಮಕ್ಕಳನ್ನೂ ಆಡುಗಳನ್ನೂ ಎತ್ತರದ ಜಾಗಕ್ಕೆ ಸಾಗಿಸಿ ಕಾದರು. ತೊರೆ ಗುಡುಗಲಿಲ್ಲ. ಜನ ನಿಟ್ಟುಸಿರು ಬಿಟ್ಟು ಸುರ್ಜಿಯನ್ನು ಹೊಗಳಿದರು. ಹರ್ಕು ಮಾತ್ರ ಹೊಗಳಲೂ ಇಲ್ಲ, ತೆಗಳಲೂ ಇಲ್ಲ.

ಆದರೆ ತೊರೆ ಗುಡುಗಲಿಲ್ಲ ಅಷ್ಟೇ ಅಲ್ಲ, ಹರಿಯಲೂ ಇಲ್ಲ. ಬೆರಳಿನಷ್ಟು ದಪ್ಪಗೆ ಬಂತು, ನೂಲಿನಷ್ಟಾಯಿತು, ನಿಂತಿತು. ಜವೆಗೋಧಿ ಗೇಣುದ್ದ ಎದ್ದು ಹಳದಿಯಾಯಿತು.

"ತಾಯಿ, ಕುಡಿದೆಯಾ?"

"ಅಡುಗೆಯ ಘಮ ಬಂತು ಮಗಳೇ, ಎಲೆಗೆ ಏನೂ ಬೀಳಲಿಲ್ಲ" ಎಂದಿತು ಮಣ್ಣು.

ಮರುವರ್ಷವೂ ಹಾಗೆಯೇ ಆಯಿತು. ಎರಡು ವರ್ಷದ ಬೆಳೆ ಹೋದ ಮೇಲೆ ಹಳ್ಳಿಯ ಹದಿನಾಲ್ಕು ಮನೆಗಳೂ ಸೇರಿದವು. ಮುಂದಿನ ಬೇಸಿಗೆಯೂ ಹೀಗೇ ಆದರೆ ಗಂಟುಮೂಟೆ ಕಟ್ಟುವುದು ಎಂದು ತೀರ್ಮಾನವಾಯಿತು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಂದು ಹರ್ಕು ಎದ್ದು ನಿಂತ. ಎರಡು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

"ಬೋಳು ಬೆಟ್ಟ ನನ್ನ ಹೆಂಡತಿಯನ್ನು ತಿಂದಿತು. ಆದರೂ ನೀರಾದರೂ ಕಣ್ಣಿಗೆ ಬಿತ್ತು. ಈ ಮರಗಳು ಆಕಾಶದಿಂದ ಬೀಳುವುದನ್ನೆಲ್ಲ ಮೇಲೆಯೇ ನುಂಗುತ್ತಿವೆ. ಕಡಿಯುತ್ತೇನೆ."

"ಅಣ್ಣ, ನಾನು ಮಾತು ಕೊಟ್ಟಿದ್ದೇನೆ" ಎಂದಳು ಸುರ್ಜಿ.

"ನೀನು ಕೊಟ್ಟೆ. ನಾನು ಕೊಟ್ಟಿಲ್ಲ."

ಹರ್ಕು ಕೊಡಲಿ ಹೊತ್ತು ಹೋದ. ಕಾರ್ತೀಕ ಪೂರ್ತಿ ಕಡಿದ. ಬೆಟ್ಟದ ಬಲ ಮಗ್ಗುಲಲ್ಲಿ, ಹತ್ತು ಹೊಲ ಹಿಡಿಸುವಷ್ಟು ಅಗಲದ ಪಟ್ಟೆಯನ್ನು ಬೋಳಿಸಿದ. ಸುರ್ಜಿ ಎರಡು ಸಲ ಅವನ ಕೊಡಲಿಯ ಕಾವಿಗೆ ಜೋತುಬಿದ್ದಳು. ಎರಡು ಸಲವೂ ಅವನು ಅವಳನ್ನು ಮೆಲ್ಲಗೆ, ಮಗುವನ್ನು ಎತ್ತಿಡುವ ಹಾಗೆ, ಪಕ್ಕಕ್ಕೆ ಎತ್ತಿಟ್ಟ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಸುರ್ಜಿ ಅಜ್ಜಿ ದೇವದಾರುವಿನ ಬಳಿ ಹೋಗಿ ಕ್ಷಮೆ ಕೇಳಿದಳು. ಅಜ್ಜಿ ಉತ್ತರ ಕೊಡಲಿಲ್ಲ. ಇಡೀ ಕಾಡಿನಲ್ಲಿ ಒಂದು ಎಲೆಯೂ ಮಾತಾಡಲಿಲ್ಲ. ಸುರ್ಜಿ ಅಲ್ಲಿಯೇ ಸಂಜೆಯವರೆಗೆ ನಿಂತು ಮನೆಗೆ ಬಂದಳು.

ಮೊದಲ ಹಿಮ ಬೀಳುವಾಗ ಕೊಡಲಿಯ ಸದ್ದು ನಿಂತಿತು. ಅದೇ ವಾರ ದೊಡ್ಡ ಬಿರುಗಾಳಿ ಎದ್ದಿತು. ಕಾಡಿನ ಒಳಗೆ ಎಲ್ಲೋ ಮರ ಬಿದ್ದ ಸದ್ದು ಹಳ್ಳಿಗೂ ಕೇಳಿಸಿತು. ಯಾವ ಮರ, ಎಲ್ಲಿ ಎಂದು ನೋಡಲು ಯಾರೂ ಹೋಗಲಿಲ್ಲ.

ಚೈತ್ರ ಬಂತು. ಹರ್ಕು ಬೋಳಿಸಿದ ಪಟ್ಟೆಯಲ್ಲಿ ಹಿಮ ಎದೆಯೆತ್ತರ ಕೂತಿದ್ದಳು. "ನೋಡಿದೆಯಾ? ಬಂದಿದ್ದಾಳೆ" ಎಂದು ಹರ್ಕು ತಂಗಿಗೆ ತೋರಿಸಿದ.

ಸೂರ್ಯನೂ ನೋಡಿದ. ಗಾಳಿಯೂ ನೋಡಿತು. ಮತ್ತೆ ಅದೇ ಒಂಬತ್ತು ದಿನ. ಪಟ್ಟೆಯಿಂದ ಕೆಸರು ನೀರು ಹರಿದು ತೊರೆ ಮತ್ತೆ ಕೆಂಪಾಯಿತು, ಮತ್ತೆ ಗುಡುಗಿತು. ಕೆಳಗಿನ ಎರಡು ಕೊಟ್ಟಿಗೆಗಳನ್ನು ಹೊತ್ತೊಯ್ದಿತು. ಆಡುಗಳನ್ನು ಹಿಂದಿನ ದಿನವೇ ಬೇರೆಡೆ ಕಟ್ಟಿದ್ದರಿಂದ ಜೀವಹಾನಿಯಾಗಲಿಲ್ಲ.

ಹರ್ಕು ದಡದಲ್ಲಿ ನಿಂತು ತೊರೆಯನ್ನು ನೋಡುತ್ತಿದ್ದ. ಅದೇ ಬಣ್ಣ, ಅದೇ ಸದ್ದು.

"ನನ್ನ ಮೇಲೆ ಕೋಪ ಮಾಡಬೇಡ ಹರ್ಕು. ಅಂದೂ ನನಗೆ ನಿಲ್ಲಲು ಆಗಲಿಲ್ಲ. ಇಂದೂ ಆಗುತ್ತಿಲ್ಲ. ಮೇಲಿಂದ ಬಂದಷ್ಟನ್ನೂ ನಾನು ಹೊರಲೇಬೇಕು" ಎಂದಿತು ತೊರೆ.

ಹರ್ಕು ಕೊಡಲಿಯನ್ನು ಕಲ್ಲಿನ ಮೇಲೆ ಇಟ್ಟು ತಲೆಯ ಮೇಲೆ ಕೈಹೊತ್ತು ಕೂತ.

ವೈಶಾಖದಲ್ಲಿ ಹಳ್ಳಿಯವರು ಪಾತ್ರೆ ಪಗಡೆ ಕಟ್ಟತೊಡಗಿದರು. ಸುರ್ಜಿಗೆ ಕಟ್ಟಲು ಮನಸ್ಸಾಗಲಿಲ್ಲ. ಹೋಗುವ ಮೊದಲು ಅಜ್ಜಿ ದೇವದಾರುವಿಗೆ ಹೇಳಿಯೇ ಹೋಗಬೇಕು, ಅವಳು ಮಾತಾಡಿದರೂ ಸರಿ, ಬಿಟ್ಟರೂ ಸರಿ ಎಂದು ಬೆಟ್ಟ ಹತ್ತಿದಳು.

ಕಾಡಿನೊಳಗೆ ಕತ್ತಲು. ಕಾಲಡಿ ಒಣಗಿದ ಸೂಜಿಯೆಲೆಗಳು ಚುರುಚುರು ಎನ್ನುತ್ತಿದ್ದವು. ಹಿಮದ ಗುರುತೇ ಇಲ್ಲ. ಬಾಗಿ ಮಣ್ಣು ಮುಟ್ಟಿದರೆ ಹುರಿದ ಹಿಟ್ಟಿನ ಹಾಗಿತ್ತು. ಸುರ್ಜಿ ಮೊದಲ ಸಲ ಕತ್ತೆತ್ತಿ ಚೆನ್ನಾಗಿ ನೋಡಿದಳು. ಕೊಂಬೆಗೆ ಕೊಂಬೆ ಹೆಣೆದು ಮೇಲೆ ಒಂದು ಚಾಪೆಯೇ ಆಗಿಬಿಟ್ಟಿತ್ತು.

ಮುಂದೆ ಒಂದು ಕಡೆ ಬೆಳಕು ಕಂಡಿತು. ಸುರ್ಜಿ ಅತ್ತ ನಡೆದಳು.

ಬಿರುಗಾಳಿಗೆ ಬಿದ್ದ ಮರ ಅಲ್ಲಿತ್ತು. ಬೀಳುವಾಗ ಅಕ್ಕಪಕ್ಕದ ಎರಡನ್ನೂ ಎಳೆದುಕೊಂಡು ಬಿದ್ದಿತ್ತು. ಅವು ನಿಂತಿದ್ದ ಜಾಗದಲ್ಲಿ ಒಂದು ತೆರಪು, ಮನೆಯ ಅಂಗಳದಷ್ಟು. ಸುತ್ತಲೂ ದೇವದಾರುಗಳು ಗೋಡೆಯ ಹಾಗೆ ನಿಂತಿದ್ದವು. ಆ ತೆರಪಿನ ತುಂಬ ಹಿಮ! ವೈಶಾಖ ಅರ್ಧ ಕಳೆದಿತ್ತು, ಊರೆಲ್ಲ ಕಾದ ಹಂಚಾಗಿತ್ತು. ಇಲ್ಲಿ ಹಿಮ ಸೊಂಟದೆತ್ತರ ಕೂತು ತಣ್ಣಗೆ ಉಸಿರಾಡುತ್ತಿದ್ದಳು.

"ನೀನು ಇಲ್ಲಿದ್ದೀಯಾ!" ಎಂದಳು ಸುರ್ಜಿ.

"ಇದೊಂದೇ ಕಡೆ ನನಗೆ ಕೆಳಗಿಳಿಯಲು ಬಾಗಿಲು ಸಿಕ್ಕಿತು" ಎಂದಳು ಹಿಮ. "ಉಳಿದ ಕಡೆ ನಾನು ನೆಲವನ್ನು ಮುಟ್ಟಲೇ ಇಲ್ಲ. ದೇವದಾರುಗಳು ನನ್ನನ್ನು ಕೊಂಬೆಯ ಮೇಲೆಯೇ ಹಿಡಿದುಕೊಂಡವು. ಕೆಟ್ಟದ್ದಕ್ಕಲ್ಲ, ಪಾಪ, ಪ್ರೀತಿಗೆ. ಆದರೆ ಅಷ್ಟು ಎತ್ತರದಲ್ಲಿ ಗಾಳಿ ನನ್ನನ್ನು ನೆಕ್ಕಿತು, ಬಿಸಿಲು ಹೀರಿತು. ನೀರಾಗುವ ಮೊದಲೇ ಹೊಗೆಯ ಹಾಗೆ ಮೇಲೆ ಹೋಗಿಬಿಟ್ಟೆ. ನಿನ್ನಣ್ಣ ಮಾಡಿದ ಬಯಲಿನಲ್ಲಿ ಇಳಿಯಲು ಜಾಗವಿತ್ತು, ಕೂರಲು ನೆರಳಿರಲಿಲ್ಲ. ಇಲ್ಲಿ ಎರಡೂ ಇದೆ."

ಸುರ್ಜಿ ಹಿಮದ ಅಂಚಿನಲ್ಲಿ ಮಂಡಿಯೂರಿದಳು. ಮಣ್ಣಿನೊಳಗೆ ಕೈ ತೂರಿಸಿದಳು. ಕೈ ಮೊಣಕೈವರೆಗೆ ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು.

"ತಾಯಿ, ಕುಡಿದೆಯಾ?"

"ಶ್! ಕುಡಿಯುತ್ತಿದ್ದೇನೆ" ಎಂದಿತು ಮಣ್ಣು.

ಸುರ್ಜಿ ಬೆಟ್ಟ ಇಳಿದದ್ದು ಓಡಿಕೊಂಡೇ. ಹರ್ಕು ಅಂಗಳದಲ್ಲಿ ಕೂತು ಮೂಟೆಗೆ ಹಗ್ಗ ಬಿಗಿಯುತ್ತಿದ್ದ.

"ಅಣ್ಣ, ಏಳು. ನಿನಗೆ ಒಂದು ಜಾಗ ತೋರಿಸಬೇಕು."

"ಆ ಬೆಟ್ಟದಲ್ಲಿ ನಾನು ನೋಡಬೇಕಾದ್ದು ಏನೂ ಉಳಿದಿಲ್ಲ."

"ನನಗೋಸ್ಕರ ಬಾ. ಎರಡು ಸಲ ನನ್ನನ್ನು ಪಕ್ಕಕ್ಕೆ ಎತ್ತಿಟ್ಟೆ, ನಾನು ಏನೂ ಹೇಳಲಿಲ್ಲ. ಈಗ ಒಂದು ಸಲ ನಾನು ಹೇಳಿದ್ದು ಕೇಳು."

ಹರ್ಕು ಎದ್ದ. ಅಭ್ಯಾಸಬಲದಿಂದ ಕೊಡಲಿ ಕೈಗೆತ್ತಿಕೊಂಡ. ಸುರ್ಜಿ ಅದನ್ನು ನೋಡಿದಳು, ಬೇಡ ಎನ್ನಲಿಲ್ಲ. ಆಗಲೇ ಹೊತ್ತಾಗಿತ್ತು.

ತೆರಪಿಗೆ ಬಂದಾಗ ಹರ್ಕು ಮೊದಲು ಹಿಮವನ್ನು ನೋಡಿದ. ಆಮೇಲೆ ಸುತ್ತಲಿನ ಮರಗಳನ್ನು ನೋಡಿದ. ಆಮೇಲೆ ತಂಗಿ ಹೇಳಿದ ಕಡೆ ಕೈಯಿಟ್ಟ. ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಹಿಮದ ಅಂಚಿನಿಂದ ಒಂದು ಹನಿ, ಸ್ವಲ್ಪ ತಡೆದು ಇನ್ನೊಂದು ಹನಿ, ತಡೆದು ಮತ್ತೊಂದು ಹನಿ ಇಳಿಯುತ್ತಿತ್ತು. ಒಂದೊಂದನ್ನೂ ಮಣ್ಣು ಒಳಗೆ ತೆಗೆದುಕೊಳ್ಳುತ್ತಿತ್ತು.

"ಇಷ್ಟು ಮೆತ್ತಗೆ ಇಳಿದಿದ್ದರೆ ನನ್ನ ದೇಬ್ಲಿ ಆಡಿನ ಮರಿ ಎತ್ತಿಕೊಂಡು ತೊರೆ ದಾಟುತ್ತಿದ್ದಳು" ಎಂದ ಹರ್ಕು. ಆಮೇಲೆ ಅತ್ತ. ಮೂರು ವರ್ಷದಿಂದ ಅಳದಿದ್ದವನು ಅಂದು ಅತ್ತ. ಸುರ್ಜಿ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಆಗ ಬೇರೆ ಯಾರೋ ಮಾತಾಡಿದರು.

"ಅವನು ಏನನ್ನು ಕಳೆದುಕೊಂಡನೆಂದು ನಮಗೆ ಯಾರೂ ಹೇಳಿರಲಿಲ್ಲ" ಎಂದಳು ತೆರಪಿನ ಅಂಚಿನಲ್ಲಿ ನಿಂತಿದ್ದ ಅಜ್ಜಿ ದೇವದಾರು. ಕಾರ್ತೀಕದ ನಂತರ ಅವಳು ಬಾಯಿಬಿಟ್ಟದ್ದು ಅದೇ ಮೊದಲು.

ಹರ್ಕು ಎದ್ದು ಅವಳ ಮುಂದೆ ನಿಂತ. "ನಾನು ನಿನ್ನವರನ್ನು ಕಡಿದೆ. ಕೇಳದೆ ಕಡಿದೆ. ತಪ್ಪಾಯಿತು" ಎಂದ.

"ತಪ್ಪು ನಮ್ಮದೂ ಇದೆ" ಎಂದಳು ಅಜ್ಜಿ. "ನೆರಳು ಕೊಡಲು ಕರೆದರು, ನಾವು ಹೆದರಿ ಬಾಗಿಲನ್ನೇ ಹಾಕಿಕೊಂಡೆವು. ಹಿಮ ಹೇಳಿದ್ದೆಲ್ಲ ನಾನೂ ಕೇಳಿಸಿಕೊಂಡೆ. ನಮ್ಮ ಬೇರಿಗೂ ಈ ಮೂರು ವರ್ಷ ನೀರಿಲ್ಲ ಸುರ್ಜಿ. ಎಳೆಯರು ಒಣಗುತ್ತಿದ್ದಾರೆ."

"ಹಾಗಾದರೆ ಸ್ವಲ್ಪ ಸ್ವಲ್ಪ ಸರಿದು ನಿಲ್ಲಬಹುದಲ್ಲ ಅಜ್ಜಿ? ಅಣ್ಣ ಬೋಳಿಸಿದ ಪಟ್ಟೆಯಲ್ಲಿ ಜಾಗವಿದೆ."

"ಎಳೆಯರು ಸರಿದಾರು. ಅವರ ಬೇರು ಇನ್ನೂ ಮೇಲೆಯೇ ಇದೆ. ನನ್ನಂಥ ಮುದುಕರ ಬೇರು ಬಂಡೆಯೊಳಗೆ ಹೋಗಿಬಿಟ್ಟಿದೆ. ನಾವು ನಡೆಯಲಾರೆವು. ನಮ್ಮಲ್ಲಿ ಕೆಲವರು ಮಲಗಬೇಕು." ಅಜ್ಜಿ ಒಂದು ಕೊಂಬೆಯನ್ನು ಹರ್ಕುವಿನತ್ತ ಬಾಗಿಸಿದಳು. "ಮೊದಲು ನಾನು. ಹರ್ಕು, ಕೊಡಲಿ ತಂದಿದ್ದೀಯಲ್ಲ."

ಹರ್ಕು ಒಂದು ಹೆಜ್ಜೆ ಹಿಂದೆ ಸರಿದ.

"ಆಗದು!" ಎಂದಳು ಸುರ್ಜಿ. "ಕೊಡಲಿ ಎತ್ತಿಸುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೇನೆ. ಒಂದು ಸಲ ಮುರಿದುಹೋಯಿತು. ಇನ್ನೊಂದು ಸಲ ಮುರಿಯಲಾರೆ."

"ಮಾತು ಕೊಟ್ಟದ್ದು ಯಾರಿಗೆ?"

"ನಿನಗೆ."

"ನನಗೆ ಕೊಟ್ಟದ್ದನ್ನು ನಾನು ಬಿಟ್ಟುಕೊಟ್ಟರೆ ಅದು ಮುರಿದ ಹಾಗಲ್ಲ ಮಗಳೇ. ಅಂದು ಅವನು ಕೇಳದೆ ಕಡಿದ. ಇಂದು ನಾನೇ ಹೇಳುತ್ತಿದ್ದೇನೆ. ಅಷ್ಟು ವ್ಯತ್ಯಾಸ ಸಾಲದೇ?" ಎಂದಳು ಅಜ್ಜಿ. ಆಮೇಲೆ ಹರ್ಕುವಿನ ಕಡೆ ತಿರುಗಿದಳು. "ನನ್ನನ್ನು ಒಲೆಗೆ ಹಾಕಬೇಡ. ಆ ತೊರೆಯ ಮೇಲೆ ಅಡ್ಡ ಮಲಗಿಸು. ಆಡಿನ ಮರಿ ತರಲು ಹೋದವರು ನನ್ನ ಮೇಲೆ ದಾಟಲಿ."

ಹರ್ಕು ಅವಳ ಬುಡದಲ್ಲಿ ಹಣೆಯಿಟ್ಟು ನಮಸ್ಕಾರ ಮಾಡಿದ. ಆಮೇಲೆ ಕೊಡಲಿ ಎತ್ತಿದ. ಸುರ್ಜಿ ಅಜ್ಜಿಯ ತೊಗಟೆಯ ಮೇಲೆ ಅಂಗೈಯಿಟ್ಟು ನಿಂತಿದ್ದಳು. ಮರ ವಾಲುವ ಗಳಿಗೆಯವರೆಗೂ ತೆಗೆಯಲಿಲ್ಲ.

ಮರುದಿನದಿಂದ ಹಳ್ಳಿಯವರೆಲ್ಲ ಮೂಟೆ ಬಿಚ್ಚಿ ಬೆಟ್ಟಕ್ಕೆ ಬಂದರು. ಆದರೆ ಎಷ್ಟು ತೆರಪು ಬಿಡಬೇಕು? ಕಡಿಮೆಯಾದರೆ ಹಿಮ ಇಳಿಯುವುದಿಲ್ಲ. ಹೆಚ್ಚಾದರೆ ಸೂರ್ಯ ಇಳಿಯುತ್ತಾನೆ. ಜನ ವಾದ ಮಾಡಿದರು. ಒಬ್ಬ ಹಗ್ಗ ತಂದ, ಇನ್ನೊಬ್ಬ ಕೋಲು ತಂದ.

"ಅಳತೆ ಮರದ ಕಾಲಡಿಯಲ್ಲೇ ಇದೆಯಲ್ಲ" ಎಂದಳು ಹಿಮ ತನ್ನ ತೆರಪಿನಿಂದ. "ನೆರಳು ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ನನ್ನ ಜಾಗ. ಅದರಾಚೆ ನನಗೆ ಬೇಡ."

ಹಾಗೆಯೇ ಮಾಡಿದರು. ಒಂದೊಂದು ಮರದ ನೆರಳನ್ನು ನೋಡಿ, ಮಲಗಲು ಒಪ್ಪಿದ ಮುದಿ ಮರಗಳನ್ನು ಮಾತ್ರ ಹರ್ಕು ಕಡಿದ. ಪ್ರತಿ ಸಲವೂ ಮೊದಲು ಕೇಳಿದ. ಒಂದು ಮುದಿ ದೇವದಾರು "ನನಗೆ ಇನ್ನೂ ಬದುಕುವ ಆಸೆ" ಎಂದಿತು. ಹರ್ಕು "ಬದುಕು" ಎಂದು ಮುಂದೆ ಹೋದ. ಬಿದ್ದ ದಿಮ್ಮಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟರು, ಮಣ್ಣು ಜಾರದಿರಲಿ ಎಂದು. ಎಳೆಯ ಮರಗಳು ಬೇರು ಎತ್ತಿಕೊಂಡು ಸಾಲುಸಾಲಾಗಿ ಹರ್ಕು ಬೋಳಿಸಿದ ಪಟ್ಟೆಗೆ ನಡೆದವು. ಅಲ್ಲಿ ಗುಂಪಾಗಿ ನಿಲ್ಲಲಿಲ್ಲ. ಮುಂದೆ ತಾವು ಬೆಳೆದಾಗ ನೆರಳು ಎಷ್ಟು ದೂರ ಬೀಳಬಹುದೆಂದು ಎಣಿಸಿ, ಅಷ್ಟು ಬಿಟ್ಟು ನಿಂತವು. ಅದು ಮರಗಳು ನಡೆದ ಕೊನೆಯ ದಿನ.

"ಗಾಳಿ ಬಂದರೆ?" ಎಂದು ಒಂದು ಎಳೆಯ ಮರ ನಡುಗುತ್ತಾ ಕೇಳಿತು.

"ನಾನು ನಿನ್ನ ಬೇರಿನ ಮೇಲೆ ಕಂಬಳಿಯ ಹಾಗೆ ಕೂರುತ್ತೇನೆ. ನೀರು ಕುಡಿದ ಬೇರು ಆಳಕ್ಕೆ ಹೋಗುತ್ತದೆ. ಆಳಕ್ಕೆ ಹೋದವರನ್ನು ಗಾಳಿ ಏನು ಮಾಡೀತು?" ಎಂದಳು ಹಿಮ.

ಆ ಚಳಿಗಾಲದಲ್ಲಿ ಹಿಮ ಬಂದಳು. ಕೊಂಬೆಗಳ ನಡುವಿನ ಬಾಗಿಲುಗಳಿಂದ ಒಳಗೆ ಇಳಿದು, ತೆರಪು ತೆರಪಿನಲ್ಲಿ ಕೂತಳು. ಚೈತ್ರದಲ್ಲಿ ಸೂರ್ಯ ಇಣುಕಿದ. ಅವನಿಗೆ ಒಂದೊಂದು ತೆರಪಿನಲ್ಲಿ ಒಂದೊಂದು ಗಳಿಗೆ ಮಾತ್ರ ಹಿಮ ಕಂಡಳು. ಅಷ್ಟರಲ್ಲಿ ನೆರಳು ಸರಿದು ಮುಚ್ಚಿತು. ಗಾಳಿ ಒಳಗೆ ನುಗ್ಗಲು ನೋಡಿತು. ಕಾಂಡದಿಂದ ಕಾಂಡಕ್ಕೆ ಬಡಿದು ಸುಸ್ತಾಗಿ ಹೊರಗೆ ಹೋಯಿತು.

ಒಂಬತ್ತು ದಿನ ಕಳೆಯಿತು, ಹಿಮ ಇದ್ದಳು. ಚೈತ್ರ ಕಳೆಯಿತು, ಹಿಮ ಇದ್ದಳು. ವೈಶಾಖ ಮುಗಿದು ಜ್ಯೇಷ್ಠ ಕಾಲಿಟ್ಟಾಗಲೂ ಅಲ್ಲೊಂದು ಇಲ್ಲೊಂದು ಬಿಳಿ ತುಣುಕು ಹನಿಹನಿಯಾಗಿ ಇಳಿಯುತ್ತಿತ್ತು. ತೊರೆ ಕೆಂಪಾಗಲಿಲ್ಲ, ಗುಡುಗಲಿಲ್ಲ, ನಿಲ್ಲಲೂ ಇಲ್ಲ. ಮೊಣಕಾಲುದ್ದ, ತಿಳಿಯಾಗಿ ಹರಿಯಿತು. ಅದರ ಮೇಲೆ ಅಡ್ಡ ಮಲಗಿದ್ದ ಅಜ್ಜಿ ದೇವದಾರುವಿನ ಬೆನ್ನ ಮೇಲೆ ಆಡುಗಳು ಟಪಟಪ ಎಂದು ದಾಟಿದವು.

ಜವೆಗೋಧಿ ಕೊಯ್ಯುವ ದಿನ ಹರ್ಕು ಹೊಲದ ಬದುವಿನಲ್ಲಿ ಕೂತಿದ್ದ. ಯಾರೋ ಏನೋ ತಮಾಷೆ ಹೇಳಿದರು. ಹರ್ಕು ನಕ್ಕ. ದೊಡ್ಡ ನಗುವೇನಲ್ಲ, ಆದರೆ ಸುರ್ಜಿಗೆ ಅಷ್ಟು ದೂರದಿಂದಲೂ ಕೇಳಿಸಿತು. ಅವಳು ತೆನೆ ಕೊಯ್ಯುವುದನ್ನು ನಿಲ್ಲಿಸಿ ಒಂದು ಕ್ಷಣ ನಿಂತಳು. ಆಮೇಲೆ ಮತ್ತೆ ಬಾಗಿದಳು.

ಹಿಮಕ್ಕೂ ದೇವದಾರುವಿಗೂ ಅಂದಿನಿಂದ ಒಂದು ಒಪ್ಪಂದವೂ ಆಯಿತು. ಮರದ ಕಾಂಡ ಹಗಲೆಲ್ಲ ಬಿಸಿಲು ಕುಡಿದು ಬೆಚ್ಚಗಿರುತ್ತದೆ. ತೀರ ಹತ್ತಿರ ಬಂದರೆ ಹಿಮ ಕರಗುತ್ತಾಳೆ. ಅದಕ್ಕೇ ಅವಳು ಕಾಂಡದಿಂದ ಒಂದು ಮೊಳ ದೂರ ಸರಿದು ಕೂರುತ್ತಾಳೆ. ಮರದ ಬುಡದ ಸುತ್ತ ಬಳೆಯ ಹಾಗೆ ಒಂದು ಗುಂಡಿ ಉಳಿಯುತ್ತದೆ. ಮುನಿಸಿನ ದೂರವಲ್ಲ ಅದು, ಮರ್ಯಾದೆಯ ದೂರ.

ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ಮಕ್ಕಳೇ. ಆದರೆ ನೀವು ಎಂದಾದರೂ ಬಡಗಣ ಬೆಟ್ಟಗಳಿಗೆ ಬೇಸಿಗೆಯ ಮೊದಲಲ್ಲಿ ಹೋದರೆ ನೋಡಿ: ಬಯಲಿನ ಹಿಮವೆಲ್ಲ ಎಂದೋ ಹರಿದುಹೋಗಿರುತ್ತದೆ, ಒತ್ತಾದ ಕಾಡಿನ ನೆಲ ಒಣಗಿರುತ್ತದೆ, ಆದರೆ ದೇವದಾರುಗಳು ಒಂದಕ್ಕೊಂದು ನೆರಳಿನಷ್ಟು ಜಾಗ ಬಿಟ್ಟು ನಿಂತ ಕಡೆ, ಆ ಪುಟ್ಟ ತೆರಪುಗಳಲ್ಲಿ, ಹಿಮ ಇನ್ನೂ ಬೆಳ್ಳಗೆ ಕೂತು, ಆತುರವಿಲ್ಲದೆ, ಹನಿ ಹನಿಯಾಗಿ ಮಣ್ಣಿಗೆ ಕುಡಿಸುತ್ತಿರುತ್ತಾಳೆ.